ತೈಲ ಬಾವಿಯ ಕೇಸಿಂಗ್ (ಒಳಗೆ ಇಳಿಸುವ ಉಕ್ಕಿನ ಕೊಳವೆ) ಸುತ್ತಲಿನ ಸಂದಿ ತುಂಬಲು ಸಿಮೆಂಟ್ ಸ್ಲರಿ (ಸಿಮೆಂಟ್-ನೀರಿನ ಮಿಶ್ರಣ) ಎಷ್ಟು ಬೇಕು? ನನ್ನ ಲೆಕ್ಕ 29,100 ಲೀಟರ್, ಪುಸ್ತಕದ ಉತ್ತರ 42,000. ಎಲ್ಲಿ ತಪ್ಪಿದೆ?

ತಪ್ಪಿಲ್ಲ, ಅರ್ಧಕ್ಕೆ ನಿಂತಿದೆ. 12¼ ಇಂಚಿನ ಬಾವಿ, 9⅝ ಇಂಚಿನ ಕೇಸಿಂಗ್, 1,000 ಮೀಟರ್ ಓಪನ್ ಹೋಲ್ (ಹಳೆಯ ಕೇಸಿಂಗ್ ಇಲ್ಲದ, ಬರೀ ಕಲ್ಲಿನ ಗೋಡೆಯ ಭಾಗ). ಎರಡೂ ವ್ಯಾಸಗಳನ್ನು ವರ್ಗ ಮಾಡಿ, ಕಳೆದು, 0.5067ರಿಂದ (ಇಂಚಿನ ವರ್ಗವನ್ನು ಮೀಟರಿಗೆ ಇಷ್ಟು ಲೀಟರ್ ಅಂತ ಬದಲಿಸುವ ಅಂಕಿ) ಗುಣಿಸಿದರೆ ಮೀಟರಿಗೆ 29.1 ಲೀಟರ್. ಇಲ್ಲಿಯವರೆಗೆ ಸರಿ. (ಮೊದಲು ಕಳೆದು ಆಮೇಲೆ ವರ್ಗ ಮಾಡುವವರೇ ಜಾಸ್ತಿ. ನೀವು ಹಾಗೆ ಮಾಡಿಲ್ಲ, ಸದ್ಯ!)

ನಮ್ಮ ಮಂಡ್ಯ ಕಡೆ ಬೋರ್‌ವೆಲ್ ಕೊರೆಸುವಾಗ ನೋಡಿರುತ್ತೀರಿ, ಗಟ್ಟಿ ಬಂಡೆ ಸಿಕ್ಕಿತೆಂದರೆ ಕೇಸಿಂಗ್ ಅಲ್ಲಿಗೇ ನಿಲ್ಲಿಸುತ್ತಾರೆ. ಕಲ್ಲು ಕುಸಿಯುವುದಿಲ್ಲವಲ್ಲ. ತೈಲ ಬಾವಿ ಕೊರೆಯುವುದು ಹೆಚ್ಚಾಗಿ ಜೇಡಿಗಲ್ಲು, ಮರಳುಗಲ್ಲಿನಂಥ ಪದರಗಳಲ್ಲಿ. ಕೊರೆಯುವ ಬಿಟ್ 12¼ ಇಂಚಿನದೇ ಆದರೂ ಗೋಡೆ ಉದುರಿ ಬಾವಿ ಅಗಲವಾಗುತ್ತದೆ. 13½ಕ್ಕೆ ಹಿಗ್ಗಿತು ಅನ್ನಿ, ಮೀಟರಿಗೆ 29.1 ಇದ್ದದ್ದು 45.4 ಲೀಟರ್ ಆಗುತ್ತದೆ. ಬರೀ ಒಂದೂಕಾಲು ಇಂಚಿಗೆ ಒಂದೂವರೆ ಪಟ್ಟು! ಎಕ್ಸೆಸ್ (ಹೆಚ್ಚುವರಿ ಪಾಲು) ಸೇರಿಸುವುದು ಅದಕ್ಕೇ. ಕ್ಯಾಲಿಪರ್ ಲಾಗ್ (ಬಾವಿಯ ಅಗಲ ಅಳೆದ ದಾಖಲೆ) ಇದ್ದರೆ ನಿಜವಾದ ಅಳತೆಯನ್ನೇ ಹಿಡಿಯಿರಿ, ಇಲ್ಲದಿದ್ದರೆ ಅಕ್ಕಪಕ್ಕದ ಬಾವಿಗಳ ಅನುಭವವೇ ಗತಿ. ನಿಮ್ಮ ಪ್ರಶ್ನೆಯಲ್ಲಿ 20% ಅಂದಿದ್ದಾರೆ, ಹಾಗಾಗಿ 34,920 ಲೀಟರ್.

ಈ 20% ಓಪನ್ ಹೋಲ್‌ಗೆ ಮಾತ್ರ. ಮೇಲ್ಭಾಗದಲ್ಲಿ ಮೊದಲೇ ಕೂರಿಸಿದ ಹಳೆಯ 13⅜ ಇಂಚಿನ ಕೇಸಿಂಗ್ ಒಳಗೆ ಸಿಮೆಂಟ್ 200 ಮೀಟರ್ ಏರಬೇಕು ಅಂತಲೂ ಇದೆಯಲ್ಲ, ಅಲ್ಲಿ ಎಕ್ಸೆಸ್ ಬೇಡ, ಉಕ್ಕು ಉದುರುವುದಿಲ್ಲ. ಅದರ ಒಳವ್ಯಾಸ 12.415 ಇಂಚು, ಮೀಟರಿಗೆ 31.16ರಂತೆ 6,232 ಲೀಟರ್. ಇನ್ನು ಫ್ಲೋಟ್ ಕಾಲರ್‌ನಿಂದ (ಕೇಸಿಂಗ್ ತಳದ ಸ್ವಲ್ಪ ಮೇಲೆ ಕೂರಿಸುವ ಕವಾಟದ ತುಂಡು) ಶೂ (ಕೇಸಿಂಗಿನ ಕೆಳತುದಿ) ತನಕ 24 ಮೀಟರ್ ಕೇಸಿಂಗ್ ಒಳಗೇ ಸಿಮೆಂಟ್ ಉಳಿಯುತ್ತದೆ. 9⅝ ಕೇಸಿಂಗಿನ ಒಳವ್ಯಾಸ 8.681 ಇಂಚು ಆದ್ದರಿಂದ ಮೀಟರಿಗೆ 38.2, ಒಟ್ಟು 917. ಮೂರನ್ನೂ ಕೂಡಿ, 42,069.

ಕ್ಲಾಸ್ ಜಿ ಸಿಮೆಂಟಿಗೆ (ತೈಲ ಬಾವಿಯ ಸಿಮೆಂಟಿನ ಒಂದು ದರ್ಜೆ) ತೂಕದ 44% ನೀರು ಹಾಕಿದರೆ ಟನ್ನಿಗೆ ಸುಮಾರು 757 ಲೀಟರ್ ಸ್ಲರಿ ಬರುತ್ತದೆ. ಅಂದರೆ 55.6 ಟನ್ ಸಿಮೆಂಟ್, ಸುಮಾರು 24,500 ಲೀಟರ್ ನೀರು. ಅಮೆರಿಕದ ಪುಸ್ತಕಗಳಲ್ಲಿ 'ಸ್ಯಾಕ್' ಅಂದರೆ 94 ಪೌಂಡ್, ನಮ್ಮ ಅಂಗಡಿಯ 50 ಕೆಜಿ ಚೀಲವಲ್ಲ.

ಮುಂದಿನ ಪ್ರಶ್ನೆ ಡಿಸ್‌ಪ್ಲೇಸ್‌ಮೆಂಟ್ (ಕೇಸಿಂಗ್ ಒಳಗಿನ ಸಿಮೆಂಟನ್ನು ತಳ್ಳಿ ಹೊರಗಿನ ಸಂದಿಗೆ ಕಳಿಸುವುದು) ಬಗ್ಗೆ ಇದ್ದೇ ಇರುತ್ತದೆ. ಟಾಪ್ ಪ್ಲಗ್ (ಸಿಮೆಂಟಿನ ಮೇಲೆ ಬಿಡುವ ರಬ್ಬರ್ ಬಿರಡೆ) ಹಿಂದೆ ತಳ್ಳುವ ಮಡ್‌ನ (ಕೊರೆಯುವಾಗ ಬಳಸುವ ದ್ರವ) ಲೆಕ್ಕ ಫ್ಲೋಟ್ ಕಾಲರ್ ತನಕ ಮಾತ್ರ, ಶೂ ತನಕ ಅಲ್ಲ. ಪ್ಲಗ್ ಸರಿಯಾಗಿ ಕೂರದಿದ್ದಾಗ ಶೂ ತನಕದ ಲೆಕ್ಕ ಹಿಡಿದು ತಳ್ಳಿಬಿಟ್ಟರೆ, ಗಟ್ಟಿ ಸಿಮೆಂಟ್ ಇರಬೇಕಾದ ಶೂ ಸುತ್ತ ಮಡ್ ಬೆರೆತ ಸಿಮೆಂಟ್ ಉಳಿಯುತ್ತದೆ.