‘ಗಂಟೆ ಗಂಟೆಗೆ ಹೇಳ್ತೀವಿ’ ಅಂದರೆ ಏನು ಲೆಕ್ಕ?

ಪ್ರಶ್ನೆ: ತಂಗಿಗೆ ಎಂಟು ತಿಂಗಳು ತುಂಬಿತ್ತು. ಬಿಪಿ ಏರಿ ಫಿಟ್ಸ್ ಬಂತು, 108ರಲ್ಲಿ ದಾವಣಗೆರೆಗೆ ಕರೆದೊಯ್ದೆವು. ಅರಿವಳಿಕೆ ಡಾಕ್ಟರು ‘ಹೈ ರಿಸ್ಕ್’ ಅಂತ ಸಹಿ ಹಾಕಿಸಿಕೊಂಡರು. ‘ಉಳೀತಾಳಾ ಸರ್?’ ಅಂದರೆ ‘ಗಂಟೆ ಗಂಟೆಗೆ ಹೇಳ್ತೀವಿ’ ಅಂದರು. ಈಗ ತಾಯಿ, ಮಗು ಆರಾಮಿದ್ದಾರೆ. ಐಸಿಯುನಲ್ಲಿ ಸ್ಕೋರ್ ಹಾಕುತ್ತಾರಂತಲ್ಲ, ಅದನ್ನು ನೋಡಿ ಮೊದಲೇ ಹೇಳಲು ಬರುವುದಿಲ್ಲವೇ?
– ಓದುಗರು, ಜಗಳೂರು ತಾಲ್ಲೂಕು

ಉತ್ತರ: ಸ್ಕೋರ್‌ಗಳಿವೆ. ಆದರೆ ಹೆಚ್ಚಿನವು ಬಸುರಿಯ ಮೈಗೆ ಅಳತೆ ತೆಗೆದು ಹೊಲಿದವಲ್ಲ. ಐಸಿಯುಗಳಲ್ಲಿ ಸಾವಿನ ಅಪಾಯ ಅಂದಾಜಿಸಲು ಬಳಸುವ ಅಪಾಚೆ-2 ಸ್ಕೋರ್ ಬಂದದ್ದು 1985ರಲ್ಲಿ; ಅಂಕ ಏರಿದಷ್ಟೂ ಅಪಾಯ ಹೆಚ್ಚು. ಅದರಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕುವ ರಕ್ತದ ಕಶ್ಮಲ) 0.6ರಿಂದ 1.4ರವರೆಗೆ ಇದ್ದರೆ ಸೊನ್ನೆ ಅಂಕ, 0.6ಕ್ಕಿಂತ ಕಡಿಮೆಯಾದರೆ 2 ಅಂಕ. ಬಸುರಿಯಲ್ಲಿ 0.5 ಸಹಜ, 1.3 ಬಂದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ ಎಂದೇ ಲೆಕ್ಕ. ಅಂದರೆ ಚೆನ್ನಾಗಿದ್ದವಳಿಗೆ ದಂಡ, ಕೆಟ್ಟಿದ್ದವಳಿಗೆ ಮಾಫಿ! ಸಾಲದ್ದಕ್ಕೆ ಇದು ಐಸಿಯು ಸೇರಿದ ಮೊದಲ 24 ಗಂಟೆಯ ಅತಿ ಕೆಟ್ಟ ಅಂಕಿಗಳನ್ನು ಕೂಡಿಸುವ ಲೆಕ್ಕ. ಆಪರೇಷನ್ ಟೇಬಲ್ ಪಕ್ಕ ನಿಂತವರಿಗೆ ಅಷ್ಟು ಹೊತ್ತು ಎಲ್ಲಿ? ಇನ್ನು ಬಸುರಿನ ಬಿಪಿಯಲ್ಲಿ ಮಾಸು ಹೊರಬಂದರೆ ಕಾಯಿಲೆಯ ಬೇರೇ ಕಿತ್ತಂತೆ. ಹಾಗಾಗಿ ಈ ಸ್ಕೋರ್ ಹೆದರಿಸುವಷ್ಟು ತಾಯಂದಿರು ಸಾಯುವುದಿಲ್ಲ.

ಬಸುರಿನ ಬಿಪಿಗೆಂದೇ ಮಾಡಿದ ಫುಲ್‌ಪಿಯರ್ಸ್ ಎಂಬ ಲೆಕ್ಕ ಇದೆ. ಬಸುರಿಗೆ ಎಷ್ಟು ವಾರ, ಎದೆನೋವು ಅಥವಾ ಉಸಿರುಕಟ್ಟು, ಆಕ್ಸಿಜನ್ ಮಟ್ಟ, ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್, ಕ್ರಿಯಾಟಿನಿನ್, ಲಿವರ್‌ಗೆ ಪೆಟ್ಟಾದರೆ ಏರುವ ಎಎಸ್‌ಟಿ, ಈ ಆರರಿಂದ ಮುಂದಿನ 48 ಗಂಟೆಯ ಅಪಾಯ ಅಂದಾಜಿಸುತ್ತದೆ. ಆದರೆ ಅದು ಮುಂಚಿತವಾಗಿ ಹೇಳಬೇಕಾದ ತೊಂದರೆಗಳಲ್ಲಿ ಫಿಟ್ಸೂ ಒಂದು; ನಿಮ್ಮ ತಂಗಿಗೆ ಅದು ಆಗಲೇ ಬಂದಾಗಿತ್ತು.

ಆ ಹೊತ್ತಿನಲ್ಲಿ ಅರಿವಳಿಕೆ ವೈದ್ಯರು ನೋಡುವುದೇ ಬೇರೆ. ಪೂರ್ತಿ ಎಚ್ಚರವಿದ್ದು, ಪ್ಲೇಟ್‌ಲೆಟ್ 70 ಸಾವಿರ ದಾಟಿದ್ದು, ರಕ್ತ ಹೆಪ್ಪುಗಟ್ಟುವುದರಲ್ಲಿ ಬೇರೆ ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಡಬಹುದು. ಇಲ್ಲವಾದರೆ ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ. ಅಲ್ಲಿ ಗಂಟಲು ಬಾತಿರುತ್ತದೆ, ಉಸಿರಿನ ಟ್ಯೂಬ್ ಹಾಕುವಾಗ ಬಿಪಿ ಒಮ್ಮೆಲೇ ಜಿಗಿದು ಮಿದುಳಿನಲ್ಲಿ ರಕ್ತ ಸೋರಬಹುದು. ಹೆರಿಗೆ ಆದಮೇಲೂ ಪ್ಲೇಟ್‌ಲೆಟ್ ಒಂದೆರಡು ದಿನ ಇಳಿಯುತ್ತ ಹೋಗುವುದುಂಟು. ‘ಗಂಟೆ ಗಂಟೆಗೆ’ ಎಂದದ್ದು ನುಣುಚಿಕೊಳ್ಳುವ ಮಾತಲ್ಲ, ಇದ್ದುದರಲ್ಲೇ ಪ್ರಾಮಾಣಿಕ ಉತ್ತರ.

ಪ್ರಶ್ನೆ: ಹೆರಿಗೆಯಾಗಿ ರಕ್ತ ಹೋಗುತ್ತಿದ್ದ ಬಾಣಂತಿಯನ್ನು ಚಿತ್ರದುರ್ಗಕ್ಕೆ ಕಳಿಸುವಾಗ ಬಿಪಿ 100/70, ನಾಡಿ 124 ಇತ್ತು. ‘ಸ್ಟೇಬಲ್’ ಎಂದು ಬರೆದೆ. ತಲುಪುವಷ್ಟರಲ್ಲಿ ರಕ್ತ ಸಾಲದೆ ಬಿಪಿ ಕುಸಿದು ಶಾಕ್‌ಗೆ ಹೋಗಿದ್ದರಂತೆ. ಎಲ್ಲಿ ತಪ್ಪಿದೆ?
– ಸ್ಟಾಫ್ ನರ್ಸ್, ಹೊಸದುರ್ಗ ತಾಲ್ಲೂಕು

ಉತ್ತರ: ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ: 124 ಭಾಗ 100, ಅಂದರೆ 1.24. ಇದೇ ಶಾಕ್ ಇಂಡೆಕ್ಸ್. ಬಾಣಂತಿಯಲ್ಲಿ 0.9 ಮುಟ್ಟಿದರೇ ಎಚ್ಚರಿಕೆ, 1.7 ಮುಟ್ಟಿದರೆ ಒಂದು ನಿಮಿಷವೂ ಕಾಯುವಂತಿಲ್ಲ. ಬಸುರಿನಲ್ಲಿ ರಕ್ತದ ಪ್ರಮಾಣ ಶೇ 40ಕ್ಕೂ ಹೆಚ್ಚು ಏರಿರುತ್ತದೆ. ಒಂದು, ಒಂದೂವರೆ ಲೀಟರ್ ಹೋಗುವವರೆಗೂ ಬಿಪಿ ಬೀಳದೆ ಮೋಸ ಮಾಡುತ್ತದೆ. ಹಿಮೋಗ್ಲೋಬಿನ್ ಮೊದಲೇ 7 ಇದ್ದವಳಿಗೆ ಅಷ್ಟೂ ತಡೆಯುವ ಶಕ್ತಿ ಇಲ್ಲ. ರಕ್ತ ಹೋಗುತ್ತಿರುವಾಗಲೇ ತೆಗೆದ ಹಿಮೋಗ್ಲೋಬಿನ್ ವರದಿಯನ್ನು ನಂಬಬೇಡಿ, ಅದು ಇಳಿಯಲು ಸಮಯ ಬೇಕು.

ಲ್ಯಾಬ್ ಮುಚ್ಚಿದ್ದರೂ ಒಂದು ಪರೀಕ್ಷೆ ಮಾಡಬಹುದು. ಒಣಗಿದ, ಏನೂ ಹಾಕದ ಸಣ್ಣ ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ತೆಗೆದುಕೊಂಡು ಮುಷ್ಟಿಯಲ್ಲಿ ಬೆಚ್ಚಗೆ ಹಿಡಿಯಿರಿ. 4 ನಿಮಿಷದ ಮೇಲೆ ಮೆಲ್ಲಗೆ ಓರೆ ಮಾಡಿ ನೋಡಿ, ನಂತರ ನಿಮಿಷಕ್ಕೊಮ್ಮೆ. 7 ನಿಮಿಷವಾದರೂ ಹೆಪ್ಪುಗಟ್ಟದಿದ್ದರೆ, ಅಥವಾ ಗಟ್ಟಿದ್ದು ಮುಟ್ಟಿದರೆ ಒಡೆದರೆ, ಹೆಪ್ಪುಗಟ್ಟುವ ಶಕ್ತಿ ಸೋತಿದೆ. ಪ್ಲಾಸ್ಟಿಕ್ ಟ್ಯೂಬ್ ಬೇಡ, ಅದರಲ್ಲಿ ತಡವಾಗಿ ಗಟ್ಟಿ ದಾರಿ ತಪ್ಪಿಸುತ್ತದೆ. ಸೋತಿದ್ದರೆ ಫೋನಿನಲ್ಲೇ ತಿಳಿಸಿ, ಅಲ್ಲಿ ರಕ್ತದ ಜೊತೆ, ಫ್ರೀಜ್ ಮಾಡಿಟ್ಟ ಪ್ಲಾಸ್ಮಾವನ್ನೂ (ಹೆಪ್ಪುಗಟ್ಟಿಸುವ ಅಂಶಗಳಿರುವ ರಕ್ತದ ದ್ರವ) ಕರಗಿಸಲು ಇಡುತ್ತಾರೆ. ಬೆನ್ನಿಗೆ ಇಂಜೆಕ್ಷನ್ನೂ ಕೈಬಿಡುತ್ತಾರೆ.

ಚೀಟಿಯಲ್ಲಿ ‘ಸ್ಟೇಬಲ್’ ಬದಲು ಅಂಕಿ ಮತ್ತು ಗಂಟೆ ಬರೆಯಿರಿ: ನಾಡಿ, ಬಿಪಿ, ಉಸಿರು ನಿಮಿಷಕ್ಕೆ ಎಷ್ಟು, ಗಂಟೆಗೆ ಎಷ್ಟು ಮಿಲಿ ಮೂತ್ರ, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ಎಷ್ಟು ಹೊತ್ತಿಗೆ ಕೊಟ್ಟಿರಿ. ಹೆರಿಗೆಯಾದ 3 ಗಂಟೆ ದಾಟಿದರೆ ಅದರ ಪ್ರಯೋಜನವಿಲ್ಲ. ಬಿಪಿ ಇದ್ದವರಿಗೆ ಫಿಟ್ಸ್ ತಡೆಯುವ ಮೆಗ್ನೀಷಿಯಂ ಕೊಟ್ಟಿದ್ದರೆ ಪ್ರಮಾಣ, ಸಮಯ ಎರಡೂ ಬೇಕು. ಸ್ನಾಯು ಸಡಿಲಿಸುವ ಅರಿವಳಿಕೆ ಮದ್ದು ಮೆಗ್ನೀಷಿಯಂ ಜೊತೆ ಸೇರಿದರೆ ಬಹಳ ಹೊತ್ತು ಹಿಡಿಯುತ್ತದೆ. ಗೊತ್ತಿಲ್ಲದೆ ಮಾಮೂಲು ಡೋಸ್ ಕೊಟ್ಟರೆ, ಆಪರೇಷನ್ ಮುಗಿದರೂ ಆಕೆ ತಾನಾಗಿ ಉಸಿರಾಡದೇ ಹೋಗಬಹುದು.