ಅಮ್ಮ ಫೆರೆಟ್ ಎದ್ದು ಹೋದ್ರೆ ಗಾಬರಿ ಆಗ್ಬೇಡಿ

ಪ್ರಶ್ನೆ: ಅಮೆರಿಕಾದ ಸ್ಮಿತ್ಸೋನಿಯನ್ ಝೂನವರು ಹಾಕಿದ್ದ ಫೆರೆಟ್ (ಮುಂಗುಸಿ ಥರ ಉದ್ದ ಮೈಯ ಸಣ್ಣ ಪ್ರಾಣಿ) ಮರಿಗಳ ಲೈವ್ ಕ್ಯಾಮೆರಾನ ನಾನು ನನ್ನ ಮಗಳು ದಿನಾ ಸಂಜೆ ಕೂತು ನೋಡ್ತಿದ್ವಿ. ಒಂದಿನ ಅಮ್ಮ ಎದ್ದು ಹೋಯ್ತು, ಎಷ್ಟು ಹೊತ್ತಾದ್ರೂ ಬರ್ಲೇ ಇಲ್ಲ, ಮರಿಗಳು ಒಂದರ ಮೇಲೊಂದು ಬಿದ್ಕೊಂಡು ಅಲ್ಲಾಡ್ತಾನೂ ಇರ್ಲಿಲ್ಲ, ಮಗಳು ಅತ್ತೇಬಿಟ್ಲು. ಅದ್ರಲ್ಲೊಂದು ಮರಿ ಬೇರೆ ತುಂಬಾ ಸಣ್ಣದು. ಅಲ್ಲಿನ ಸಿಬ್ಬಂದಿ ನೋಡ್ತಾ ಇದ್ರೂ ಯಾಕೆ ಯಾರೂ ಕೈ ಹಾಕಲ್ಲ?

ಉತ್ತರ: ಮೊದ್ಲು ಮಗಳಿಗೆ ಹೇಳಿ, ಅಮ್ಮ ಬಿಟ್ಟು ಹೋಗಿಲ್ಲ. ಅಲ್ಲಿರೋ ಬ್ಲ್ಯಾಕ್ ಫೂಟೆಡ್ (ಕಪ್ಪು ಕಾಲಿನ) ಫೆರೆಟ್‌ಗಳಲ್ಲಿ ಗಂಡು ಮರಿ ಸಾಕೋದಕ್ಕೆ ಬರೋದೇ ಇಲ್ಲ, ಎಲ್ಲಾ ತಾಯಿದೇ ಕೆಲ್ಸ. ಅಷ್ಟು ಮರಿಗೆ ಹಾಲು ಕೊಡ್ಬೇಕು ಅಂದ್ರೆ ಅದೂ ಹೊಟ್ಟೆ ತುಂಬಾ ತಿನ್ಬೇಕು, ನೀರು ಕುಡೀಬೇಕು, ಒಂಚೂರು ಓಡಾಡ್ಬೇಕು, ಅದಕ್ಕೇ ಮರಿಗಳಿರೋ ಗೂಡಿನ ಪೆಟ್ಟಿಗೆಯಿಂದ ಆಚೆ ಹೋಗುತ್ತೆ. ಬಯಲಲ್ಲಿ ಇದ್ದಿದ್ರೂ ಮರಿಗಳನ್ನ ಬಿಲದಲ್ಲಿ ಬಿಟ್ಟು ಬೇಟೆಗೆ ಹೋಗ್ಲೇಬೇಕಿತ್ತು. ಇನ್ನು ಮರಿಗಳು ಹುಟ್ಟಿದಾಗ 10 ಗ್ರಾಂ ಕೂಡ ಇರಲ್ಲ, ಕಣ್ಣು ಮುಚ್ಚಿರುತ್ತೆ, ಮೈಮೇಲೆ ತೆಳ್ಳಗೆ ಬಿಳಿ ಕೂದಲಷ್ಟೇ, ಮೈ ಬೆಚ್ಚಗೆ ಇಟ್ಕೊಳ್ಳೋದು ತಮ್ಮಷ್ಟಕ್ಕೆ ಆಗಲ್ಲ, ಹಾಗಾಗಿ ರಾಶಿ ಬೀಳ್ತವೆ. ಹೊಟ್ಟೆ ತುಂಬಿ ಬೆಚ್ಚಗಾದ ಮರಿ ಅಲ್ಲಾಡದೆ ನಿದ್ದೆ ಹೋಗುತ್ತೆ, ಅದನ್ನ ನೋಡಿ ನಾವು ಹೆದರ್ತೀವಿ.

ಇನ್ನೊಂದು, ನೀವು ಸಂಜೆ ನೋಡ್ತಿದ್ರಿ ಅಂದ್ರೆ ಆ ಫೆರೆಟ್ ಇರೋ ವರ್ಜೀನಿಯಾದಲ್ಲಿ ಆಗ ಬೆಳಿಗ್ಗೆ, ಫೆರೆಟ್ ರಾತ್ರಿ ಓಡಾಡೋ ಪ್ರಾಣಿ, ಹಗಲು ಬಹಳಷ್ಟು ನಿದ್ದೇನೇ. ಮುಂದೆ ಯಾವಾಗಾದ್ರೂ ನೋಡೋದಾದ್ರೆ ನಮ್ಮ ಬೆಳಗಿನ ಹೊತ್ತು ನೋಡಿ, ಅಲ್ಲಿ ಆಗ ರಾತ್ರಿ, ತಾಯಿ ಬರೋದು ಹೋಗೋದು, ಕತ್ತಿನ ಹಿಂದೆ ಬಾಯಲ್ಲಿ ಹಿಡಿದು ಮರಿನ ಆ ಮೂಲೆಯಿಂದ ಈ ಮೂಲೆಗೆ ಸಾಗ್ಸೋದು, ಇದೆಲ್ಲ ಕಾಣೋ ಅವಕಾಶ ಜಾಸ್ತಿ.

ಕೈ ಹಾಕದೇ ಇರೋದು ನಿರ್ಲಕ್ಷ್ಯ ಅಲ್ವೇ ಅಲ್ಲ, ನಂಗಂತೂ ಅಲ್ಲಿ ನಡೀತಿರೋ ದೊಡ್ಡ ಕೆಲ್ಸ ಅದೇ ಅನ್ಸುತ್ತೆ. ಪದೇ ಪದೇ ಪೆಟ್ಟಿಗೆ ತೆಗೆದು ನೋಡಿದ್ರೆ ತಾಯಿ ಹೆದರುತ್ತೆ, ಹೆದರಿದ ತಾಯಿ ಮರಿಗಳನ್ನ ಬಿಡ್ಬಹುದು, ಕೆಲವು ಸಲ ತಾನೇ ಗಾಯ ಮಾಡ್ಬಹುದು. ಕತ್ತಲಲ್ಲೂ ಕಾಣೋ ಇನ್‌ಫ್ರಾರೆಡ್ ಕ್ಯಾಮೆರಾ ಇದ್ರೆ ಪೆಟ್ಟಿಗೆ ಮುಟ್ಟದೇನೇ ಹಾಲು ಕುಡೀತಾ ಇದಾವಾ, ಎಷ್ಟಿದಾವೆ ಅಂತ ಗೊತ್ತಾಗುತ್ತೆ. ನಮಗೆ ತೋರಿಸೋದು ಅದ್ರ ಜೊತೆಗೆ ಸಿಕ್ಕಿದ್ದು ಅಷ್ಟೇ. ಸಣ್ಣ ಮರಿ ವಿಷ್ಯದಲ್ಲಿ ಸುಳ್ಳು ಸಮಾಧಾನ ಹೇಳಲ್ಲ, ಕೆಲವು ಉಳಿಯಲ್ಲ, ಮಗಳಿಗೂ ಇದನ್ನ ಮೊದಲೇ ಹೇಳಿಟ್ಟಿರಿ.

ಪ್ರಶ್ನೆ: ನಾಲ್ಕು ಮರಿ ಹುಟ್ಟಿದ್ದಕ್ಕೆ ಇಷ್ಟೊಂದು ಸಂಭ್ರಮ ಯಾಕೆ ಸಾರ್? ಇಲಿ ಹೆಗ್ಗಣ ತಿನ್ನೋ ಪ್ರಾಣಿ ತಾನೇ?

ಉತ್ತರ: ಇಲಿ ಹೆಗ್ಗಣ ಸಿಕ್ಕಿದ್ರೆ ಸಾಕಾಗಿದ್ರೆ ಇವತ್ತು ಈ ಪರಿಸ್ಥಿತಿನೇ ಬರ್ತಿರ್ಲಿಲ್ಲ. ಇದ್ರ ಊಟದಲ್ಲಿ 90 ಪರ್ಸೆಂಟ್‌ಗಿಂತ ಜಾಸ್ತಿ ಪ್ರೇರಿ ಡಾಗ್, ಅಂದ್ರೆ ಬಯಲಲ್ಲಿ ಬಿಲ ತೋಡ್ಕೊಂಡು ದೊಡ್ಡ ಗುಂಪಾಗಿ ಬದುಕೋ ಅಳಿಲಿನ ಜಾತಿ, ಒಂದು ಫೆರೆಟ್‌ಗೆ ವರ್ಷಕ್ಕೆ ನೂರಕ್ಕೂ ಜಾಸ್ತಿ ಬೇಕು, ವಾಸಕ್ಕೂ ಅವುಗಳ ಬಿಲವೇ ಬೇಕು. ರೈತರು, ದನ ಸಾಕೋರು, ಸರ್ಕಾರ ಎಲ್ಲಾ ಸೇರಿ ಪ್ರೇರಿ ಡಾಗ್‌ಗೆ ವಿಷ ಹಾಕಿದ್ರು, ಹುಲ್ಲುಗಾವಲು ಉತ್ತು ಹೊಲ ಮಾಡಿದ್ರು, ಸಾಲದ್ದಕ್ಕೆ 1900ರ ಸುಮಾರಿಗೆ ಹಡಗಿನ ಇಲಿಗಳ ಜೊತೆ ಬಂದ ಪ್ಲೇಗ್ ಪ್ರೇರಿ ಡಾಗ್, ಫೆರೆಟ್ ಎರಡನ್ನೂ ಕೊಲ್ತು. 1979ರ ಹೊತ್ತಿಗೆ ಈ ಪ್ರಾಣಿ ಭೂಮಿ ಮೇಲೆ ಇಲ್ಲ ಅಂತಾನೇ ತಿಳ್ಕೊಂಡಿದ್ರು.

ಆಮೇಲೆ 1981ರಲ್ಲಿ ವಯೋಮಿಂಗ್‌ನ ಮೀಟೀಟ್ಸಿ ಹತ್ರ ಒಂದು ರಾಂಚ್‌ನ (ದನ ಸಾಕೋ ದೊಡ್ಡ ಜಮೀನಿನ) ನಾಯಿ, ಶೆಪ್ ಅಂತ ಹೆಸರು, ಸತ್ತ ಫೆರೆಟ್ ಒಂದನ್ನ ಕಚ್ಕೊಂಡು ಮನೆಗೆ ಬಂತು. ಆ ನಾಯಿಯಿಂದಾನೇ ಬದುಕಿರೋ ಒಂದು ಗುಂಪು ಇದೆ ಅಂತ ಗೊತ್ತಾಗಿದ್ದು. ಆದ್ರೆ ಅಲ್ಲೂ ಡಿಸ್ಟೆಂಪರ್ (ನಾಯಿಗಳಿಗೂ ಬರೋ ವೈರಸ್ ರೋಗ), ಪ್ಲೇಗ್ ಹಬ್ಬಿ, 1987ರ ಹೊತ್ತಿಗೆ ಉಳಿದಿದ್ದ 18ನ್ನ ಹಿಡಿದು ಸಾಕೋದಕ್ಕೆ ತಂದ್ರು, ಅದ್ರಲ್ಲೂ ವಂಶ ಮುಂದುವರಿದಿದ್ದು 7ರದ್ದು ಮಾತ್ರ! ಕ್ಯಾಮೆರಾದಲ್ಲಿ ಕಾಣೋ ಪ್ರತಿ ಮರಿನೂ ಆ ಏಳರ ಮೊಮ್ಮಕ್ಕಳ ಮರಿಮಕ್ಕಳು, ಎಲ್ಲಾ ಹತ್ತಿರದ ಸಂಬಂಧಿಗಳೇ, ಹಾಗಾಗಿ ಯಾವ ಗಂಡಿಗೆ ಯಾವ ಹೆಣ್ಣು ಅಂತ ವಂಶಾವಳಿ ನೋಡಿ ಜೋಡಿ ಮಾಡ್ತಾರೆ.

ವಿಲ್ಲಾ ಅನ್ನೋ ಹೆಣ್ಣು ಫೆರೆಟ್ ವಂಶ ಆ ಏಳರಲ್ಲಿ ಇಲ್ಲ, ಆದ್ರೆ ಅದ್ರ ಜೀವಕೋಶನ 1988ರಿಂದ ಫ್ರೀಝ್ ಮಾಡಿಟ್ಟಿದ್ರು, ಅದ್ರಿಂದ 2020ರ ಡಿಸೆಂಬರ್‌ನಲ್ಲಿ ಎಲಿಜಬೆತ್ ಆನ್ ಅನ್ನೋ ಕ್ಲೋನ್, ಅಂದ್ರೆ ವಿಲ್ಲಾದ ತದ್ರೂಪು, ಹುಟ್ತು. ಅದಕ್ಕೆ ಮರಿ ಆಗ್ಲಿಲ್ಲ, ಆದ್ರೆ ಅದೇ ವಿಲ್ಲಾದ ಇನ್ನೊಂದು ಕ್ಲೋನ್ ಆಂಟೋನಿಯಾ 2024ರಲ್ಲಿ ಇದೇ ಸ್ಮಿತ್ಸೋನಿಯನ್‌ನ ಫ್ರಂಟ್ ರಾಯಲ್ ಕೇಂದ್ರದಲ್ಲಿ ಮೂರು ಮರಿ ಹಾಕ್ತು, ಒಂದು ಹೋಯ್ತು, ಎರಡು ಉಳಿದ್ವು. ಮೂವತ್ತು ವರ್ಷಕ್ಕೂ ಹಿಂದೆ ಸತ್ತ ಪ್ರಾಣಿಯ ರಕ್ತ ಮತ್ತೆ ವಂಶಕ್ಕೆ ಸೇರ್ತು ಅಂದ್ರೆ ಸಂಭ್ರಮ ಪಡದೆ ಏನ್ ಮಾಡೋದು ಹೇಳಿ?

ಪ್ರಶ್ನೆ: ಈ ಮರಿಗಳು ದೊಡ್ಡವಾದ ಮೇಲೆ ಝೂನಲ್ಲೇ ಇರ್ತವಾ? ಮನೇಲಿ ಸಾಕೋ ಫೆರೆಟ್ ಇದೇನಾ?

ಉತ್ತರ: ಸಾಕೋದು ಬೇರೆ, ಅದು ಯೂರೋಪಿನ ಪೋಲ್‌ಕ್ಯಾಟ್ ಅನ್ನೋ ಕಾಡುಪ್ರಾಣಿ ವಂಶದ್ದು. ಈ ಮರಿಗಳಿಗೆ 5 ವಾರದ ಹೊತ್ತಿಗೆ ಕಣ್ಣು ಬಿಡುತ್ತೆ, ಅದಕ್ಕೂ ಮೊದ್ಲೇ ಮುಖದ ಮೇಲೆ ಕಪ್ಪು ಪಟ್ಟಿ ಕಾಣೋಕೆ ಶುರು. ದೊಡ್ಡವಾದ ಮೇಲೆ ಕೆಲವನ್ನ ಮುಂದಿನ ಪೀಳಿಗೆಗೆ ಇಟ್ಕೊಂಡು, ಉಳಿದವನ್ನ ಕೊಲೊರಾಡೋದಲ್ಲಿರೋ ಕೇಂದ್ರಕ್ಕೆ ಕಳಿಸ್ತಾರೆ, ಅಲ್ಲಿ ನಿಜವಾದ ಬಿಲ ಇರೋ ದೊಡ್ಡ ಆವರಣದಲ್ಲಿ ಬಿಟ್ಟು, ಜೀವಂತ ಪ್ರೇರಿ ಡಾಗ್ ಹಿಡಿಯೋದನ್ನ ಕಲಿತ ಮೇಲೇನೇ ಬಯಲಿಗೆ ಬಿಡೋದು. ಪ್ಲೇಗ್‌ಗೆ ವ್ಯಾಕ್ಸಿನ್ ಹಾಕ್ತಾರೆ, ಬಿಲಗಳಿಗೆ ಪ್ಲೇಗ್ ಹರಡೋ ಚಿಗಟ ಸಾಯೋ ಪುಡಿ ಹಾಕ್ತಾರೆ. ಆಮೇಲೆ ಎಷ್ಟು ಉಳಿದಿವೆ ಅಂತ ಎಣಿಸೋಕೆ ರಾತ್ರಿಯೆಲ್ಲಾ ಸ್ಪಾಟ್‌ಲೈಟ್ ಹಿಡ್ಕೊಂಡು ಸುತ್ತಾಡ್ತಾರೆ, ಬೆಳಕು ಬಿದ್ರೆ ಇವುಗಳ ಕಣ್ಣು ಪಚ್ಚೆ ಹಸಿರಾಗಿ ಹೊಳೆಯುತ್ತೆ, ಅದ್ರಿಂದಾನೇ ಗುರುತು ಹಿಡಿಯೋದು.