ಒಂದೇ ಕೆಲಸಕ್ಕೆ ಎರಡು ಬಗೆಯ ಕೋಶಗಳೇಕೆ?

ಪ್ರಶ್ನೆ: ರೋಗಾಣುಗಳನ್ನು ನುಂಗಲು ದೇಹದಲ್ಲಿ ಮ್ಯಾಕ್ರೊಫೇಜ್ ಕೋಶಗಳಿವೆ. ಡೆಂಡ್ರಿಟಿಕ್ ಕೋಶಗಳೂ ನುಂಗುತ್ತವೆ ಎಂದು ಓದಿದ್ದೇನೆ. ಹಾಗಾದರೆ ಇವು ಬೇರೆಯಾಗಿ ಏಕೆ ಬೇಕು?

ಉತ್ತರ: ನುಂಗುವುದು ಎರಡಕ್ಕೂ ಇರುವ ಗುಣವೇ ಆದರೂ ನುಂಗುವ ಉದ್ದೇಶ ಬೇರೆ. ಮ್ಯಾಕ್ರೊಫೇಜ್ ಬಹುಮಟ್ಟಿಗೆ ಇದ್ದಲ್ಲಿಯೇ ರೋಗಾಣುವನ್ನು ಅರಗಿಸಿ ಮುಗಿಸುತ್ತದೆ. ಡೆಂಡ್ರಿಟಿಕ್ ಕೋಶವಾದರೋ ರೋಗಾಣುವಿನ ಪ್ರೋಟೀನಿನ ತುಣುಕುಗಳನ್ನು ಗುರುತಿಗಾಗಿ ಉಳಿಸಿಕೊಳ್ಳುತ್ತದೆ.

ಅಂಗಾಲಿಗೆ ಮುಳ್ಳು ಚುಚ್ಚಿತೆನ್ನಿ. ಚರ್ಮದಲ್ಲಿ ಕವಲುಗಳನ್ನು ಚಾಚಿಕೊಂಡು ಕುಳಿತಿರುವ ಈ ಕೋಶವು, ಮುಳ್ಳಿನೊಡನೆ ಒಳಬಂದ ಬ್ಯಾಕ್ಟೀರಿಯಾವನ್ನು ಹಿಡಿದ ಮೇಲೆ ನುಂಗುವುದನ್ನು ಕ್ರಮೇಣ ಕಡಿಮೆ ಮಾಡಿ, ದುಗ್ಧನಾಳದ (ಲಿಂಫ್ ನಾಳದ) ಮೂಲಕ ಸಮೀಪದ ದುಗ್ಧಗ್ರಂಥಿಗೆ (ಲಿಂಫ್ ಗ್ರಂಥಿಗೆ) ಸಾಗುತ್ತದೆ. ಪ್ರೋಟೀನಿನ ತುಣುಕುಗಳು ಆಗ ಅದರ ಮೈಮೇಲೆ ಎಂಎಚ್‌ಸಿ ಎಂಬ ಅಣುಗಳಲ್ಲಿ ಕೂತಿರುತ್ತವೆ. ಗ್ರಂಥಿಯಲ್ಲಿ ಹಾದುಹೋಗುವ ಅಸಂಖ್ಯ ಟಿ ಕೋಶಗಳ (ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳ) ಪೈಕಿ ಆ ತುಣುಕಿಗೆ ಹೊಂದುವ ಗ್ರಾಹಕ (ರಿಸೆಪ್ಟರ್) ಉಳ್ಳವು ತೀರ ಅಪರೂಪ. ಅಂಥದೊಂದು ತಗುಲಿದರೂ ತುಣುಕನ್ನು ತೋರಿಸಿದಷ್ಟಕ್ಕೇ ಕೆಲಸವಾಗದು. ಅಪಾಯವನ್ನು ಕಂಡು ಬಂದ ಡೆಂಡ್ರಿಟಿಕ್ ಕೋಶದ ಮೈಮೇಲೆ ಹೆಚ್ಚಾಗಿ ಮೂಡುವ ಸಿಡಿ80, ಸಿಡಿ86 ಎಂಬ ಅಣುಗಳಿಂದ ಎರಡನೆಯ ಸಂಕೇತವೂ ಸಿಕ್ಕಬೇಕು. ಆಗ ಮಾತ್ರ ಟಿ ಕೋಶವು ವಿಭಜನೆಗೊಂಡು ಪಡೆಯಾಗಿ ಬೆಳೆಯುತ್ತದೆ.

ನನ್ನ ಮಟ್ಟಿಗೆ ಅತ್ಯಂತ ಕುತೂಹಲದ ಸಂಗತಿ ಈ ಎರಡನೆಯ ಸಂಕೇತವೇ. ಸೋಂಕಿಲ್ಲದಾಗಲೂ ಡೆಂಡ್ರಿಟಿಕ್ ಕೋಶಗಳು ನಮ್ಮದೇ ಸತ್ತ ಕೋಶಗಳ ಚೂರುಗಳನ್ನು ಟಿ ಕೋಶಗಳಿಗೆ ತೋರಿಸುತ್ತಿರುತ್ತವೆ. ಆದರೆ ಸಂಕೇತ ಸಾಕಷ್ಟಿಲ್ಲದ್ದರಿಂದ ಅವನ್ನು ಗುರುತಿಸಿದ ಟಿ ಕೋಶ ನಿಷ್ಕ್ರಿಯವಾಗುತ್ತದೆ, ಇಲ್ಲವೇ ಸಾಯುತ್ತದೆ. ದಾಳಿಗೆ ಹೊರಡಿಸುವ ಕೋಶವೇ ಸಹಿಷ್ಣುತೆಯನ್ನೂ ಕಲಿಸುತ್ತದೆ ಎಂಬುದನ್ನು ಶಾಲೆಯ ಪಾಠಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಚರ್ಮದಲ್ಲಿರುವ ಇಂಥ ಕೋಶಗಳನ್ನು 1868ರಲ್ಲಿ ಕಂಡ ಪಾಲ್ ಲ್ಯಾಂಗರ್‌ಹಾನ್ಸ್, ಕವಲುಗಳನ್ನು ನೋಡಿ ಅವು ನರಕೋಶಗಳೆಂದು ಭಾವಿಸಿದ್ದರು. 1973ರಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ ಇಲಿಯ ಗುಲ್ಮದಲ್ಲಿ ಕಂಡ ಕೋಶಗಳಿಗೆ, ಮರ ಎಂಬ ಅರ್ಥದ ಗ್ರೀಕ್ ಪದದಿಂದ ಈಗಿನ ಹೆಸರು ಬಂದಿತು. ಸ್ಟೈನ್‌ಮನ್ ಅವರಿಗೆ 2011ರ ನೊಬೆಲ್ ಘೋಷಣೆಯಾದಾಗ ಅವರು ತೀರಿಕೊಂಡು 3 ದಿನಗಳಾಗಿದ್ದವು; ವಿಷಯ ಗೊತ್ತಿಲ್ಲದೆ ಘೋಷಿಸಿದ್ದರಿಂದ ಪ್ರಶಸ್ತಿಯನ್ನು ಹಿಂಪಡೆಯಲಿಲ್ಲ.

ಹಿಡಿದದ್ದನ್ನು ಪೂರ್ತಿ ಅರಗಿಸದೆ ಹೊತ್ತೊಯ್ಯುವ ಈ ಗುಣಕ್ಕೆ ಬೆಲೆ ತೆರಬೇಕಾಗುವುದೂ ಉಂಟು. ಎಚ್‌ಐವಿ ವೈರಸ್ಸನ್ನು ಡೆಂಡ್ರಿಟಿಕ್ ಕೋಶಗಳು ಹಿಡಿದಿಟ್ಟುಕೊಂಡು, ಆ ವೈರಸ್ಸು ಹುಡುಕುವ ಟಿ ಕೋಶಗಳಿಗೇ ದಾಟಿಸುವುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.